ಬಿಸಿಗೆ ಬಿಚ್ಚದ ಮಡಿಕೆ

ನರ ಮುಗಿದು ಸ್ನಾಯು ಶುರುವಾಗುವ ಜಾಗದಲ್ಲಿ ನಿಂತಿದ್ದೀರಿ. ನಡುವೆ ಇರುವುದು ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ಕಿರಿದಾದ ಸಂದು. ಆ ದಡದಿಂದ ಅಸಿಟೈಲ್‌ಕೋಲಿನ್ ಚಿಮ್ಮುತ್ತದೆ, ಈ ದಡದ ಗ್ರಾಹಕಗಳಿಗೆ ತಗಲುತ್ತದೆ, ಸ್ನಾಯು ಸೆಟೆಯುತ್ತದೆ. ರೆಪ್ಪೆ ಎತ್ತುವುದು, ಎಂಜಲು ನುಂಗುವುದು, ಉಸಿರೆಳೆಯುವುದು ಎಲ್ಲವೂ ಈ ಸಂದಿನ ವ್ಯವಹಾರ.

ಈಗ ರಕ್ತದ ಹರಿವಿನ ಜೊತೆ ನಾಗರಹಾವಿನ ವಿಷ ಬರುತ್ತಿದೆ. ಅದರಲ್ಲಿ ಅನೇಕ ಬಗೆಯ ಪ್ರೋಟೀನುಗಳಿವೆ. ನೀವು ಒಂದನ್ನು ಮಾತ್ರ ಗಮನಿಸಿ. ಸುಮಾರು 60-70 ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಮೂರು ಬೆರಳು ಚಾಚಿದಂಥ ಆಕಾರ. ಅದು ಗ್ರಾಹಕದ ಮೇಲೆ ಬಂದು ಕೂರುತ್ತದೆ, ಏಳುವುದಿಲ್ಲ. ಅಸಿಟೈಲ್‌ಕೋಲಿನ್ ಚಿಮ್ಮುತ್ತಲೇ ಇದೆ, ಕೇಳಿಸಿಕೊಳ್ಳುವವರಿಲ್ಲ. ಮೊದಲು ರೆಪ್ಪೆ ಜೋಲುತ್ತದೆ. ಆಮೇಲೆ ಮಾತು ತೊದಲುತ್ತದೆ. ಕೊನೆಗೆ ಎದೆ ಏರುವುದು ನಿಲ್ಲುತ್ತದೆ.

ಇದನ್ನು ತಡೆಯಲು ನಮ್ಮ ಬಳಿ ಇರುವುದು ಕುದುರೆಯ ರಕ್ತದಿಂದ ತೆಗೆದ ಪ್ರತಿವಿಷ. ಕುದುರೆಗೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದು ಬೆಳೆಸಿಕೊಂಡ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಲಕ್ಷಾಂತರ ಜೀವ ಉಳಿಸಿದ ಮದ್ದು ಅದು, ಅದಕ್ಕೆ ಕೈಮುಗಿಯಬೇಕು. ಆದರೆ ಕುದುರೆಯ ದೇಹ ವಿಷದ ದೊಡ್ಡ ಪ್ರೋಟೀನುಗಳನ್ನು ಚೆನ್ನಾಗಿ ಗುರುತು ಹಿಡಿಯುತ್ತದೆ. ಈ ಮೂರು ಬೆರಳಿನ ಕಿರಿಯದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಸಿರು ನಿಲ್ಲಿಸುವ ವಿಷಕ್ಕೇ ಪ್ರತಿಕಾಯ ಕಡಿಮೆ. ಹಾಗಾಗಿ ಸೀಸೆ ಸೀಸೆ ಏರಿಸಬೇಕು. ನಮ್ಮಲ್ಲಿ ಮೊದಲ ಸುತ್ತಿಗೇ ಎಂಟು-ಹತ್ತು. ದ್ರವರೂಪದ ಮದ್ದಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ತಂಪು ಬೇಕು. ಒಣಪುಡಿಯ ಸೀಸೆ ಹೊರಗೆ ಬಾಳುತ್ತದೆ, ಆದರೆ ಅದನ್ನೂ ಕರಗಿಸಿ ಡ್ರಿಪ್‌ನಲ್ಲಿ ಹರಿಸಬೇಕು. ಕುದುರೆಯ ಪ್ರೋಟೀನು ಮೈಗೆ ಒಗ್ಗದಿದ್ದರೆಂದು ಪಕ್ಕದಲ್ಲೇ ಅಡ್ರಿನಲಿನ್ ಇಟ್ಟುಕೊಂಡಿರಬೇಕು. ಹೊಲದ ಬದುವಿನಿಂದ ಆಸ್ಪತ್ರೆಯ ಮಂಚದವರೆಗಿನ ದಾರಿಯಲ್ಲಿ ಜನ ಸಾಯುತ್ತಾರೆ. 2000ದಿಂದ 2019ರ ನಡುವೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಅಂದಾಜು. ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕೆಂಬ ನಿಯಮ ಕರ್ನಾಟಕಕ್ಕೆ ಬಂದದ್ದೇ 2024ರ ಫೆಬ್ರುವರಿಯಲ್ಲಿ.

ಈಗ ಸಿಯಾಟಲ್‌ಗೆ ಬನ್ನಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬೇಕರ್ ಅವರ ಪ್ರೋಟೀನ್ ವಿನ್ಯಾಸ ಸಂಸ್ಥೆ. ಈ ಬಗೆಯ ಕೆಲಸಕ್ಕೇ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಇಲ್ಲಿ ಕುದುರೆಯಿಲ್ಲ, ಹಾವೂ ಇಲ್ಲ. ಸುಸಾನಾ ವಾಸ್ಕೆಸ್ ಟೊರೆಸ್ ಮತ್ತು ಸಂಗಡಿಗರು ಕಂಪ್ಯೂಟರಿಗೆ ಕೊಟ್ಟಿರುವುದು ಆ ವಿಷದ ಆಕಾರ ಮಾತ್ರ. ಪರದೆ ನೋಡಿ. ವಿಷದ ಬೆರಳಿನ ಒಂದು ಅಂಚು ಜೋಡಿಯಿಲ್ಲದೆ ತೆರೆದುಕೊಂಡಿದೆ, ಹಿಡಿಯಬೇಕಾದದ್ದು ಅದನ್ನೇ. ಪಕ್ಕದಲ್ಲಿ ಅರ್ಥವಿಲ್ಲದ ಚುಕ್ಕೆಗಳ ಗೊಂದಲ. ಆರ್‌ಎಫ್‌ಡಿಫ್ಯೂಷನ್ ಎಂಬ ಕ್ರಮವಿಧಿ ಹೆಜ್ಜೆ ಹೆಜ್ಜೆಗೂ ಗೊಂದಲ ಕಳೆಯುತ್ತದೆ. ಚುಕ್ಕೆಗಳು ಸಾಲಾಗುತ್ತವೆ, ಸಾಲು ಸುರುಳಿಯಾಗುತ್ತದೆ, ಒಂದು ಪಟ್ಟಿ ಆ ತೆರೆದ ಅಂಚಿನ ಪಕ್ಕಕ್ಕೆ ಬಂದು ಒತ್ತಿ ಕೂರುತ್ತದೆ. ಪ್ರಕೃತಿಯಲ್ಲಿ ಎಲ್ಲೂ ಇಲ್ಲದ ಒಂದು ಪ್ರೋಟೀನಿನ ಎಲುಬುಗೂಡು ಅದು. ಎರಡನೆಯ ಕ್ರಮವಿಧಿ ಅದಕ್ಕೆ ಅಮೈನೋ ಆಮ್ಲಗಳನ್ನು ಆರಿಸಿ ತುಂಬುತ್ತದೆ. ಹಾಗೆ ಬರೆದ ಸರಪಳಿ ನಿಜಕ್ಕೂ ಹಾಗೆಯೇ ಮಡಿಚಿಕೊಳ್ಳುತ್ತದೆಯೇ ಎಂದು ಆಲ್ಫಾಫೋಲ್ಡ್ ಪರೀಕ್ಷಿಸುತ್ತದೆ. ಆ ಪರೀಕ್ಷೆಯಲ್ಲಿ ಉಳಿದವುಗಳ ಡಿಎನ್‌ಎ ಬರೆಸಿ, ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಕೊಟ್ಟು ಬೆಳೆಸುತ್ತಾರೆ. ಪ್ರತಿಕಾಯವಾದರೆ ಸಸ್ತನಿಗಳ ಜೀವಕೋಶ ಬೇಕು, ಅದರ ನಾಜೂಕಿನ ಸಾಕಣೆ ಬೇಕು. ಇಲ್ಲಿ ಕುಲುಕುವ ಫ್ಲಾಸ್ಕು ಸಾಕು.

ಬಿಸಿಯ ಪರೀಕ್ಷೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ಇದೇ ಪ್ರಯೋಗಾಲಯದಲ್ಲಿ 2020ರಲ್ಲಿ ಕೊರೋನಾ ವೈರಸ್ಸಿನ ವಿರುದ್ಧ ಹುಟ್ಟಿದ ಎಲ್‌ಸಿಬಿ1 ಎಂಬ ಪ್ರೋಟೀನು ಹಾವಿನ ವಿಷ ಹಿಡಿಯುವ ಈ ಪ್ರೋಟೀನುಗಳ ಅಣ್ಣನಿದ್ದಂತೆ. 56 ಅಮೈನೋ ಆಮ್ಲ, ಮೂರು ಸುರುಳಿ, ಅಷ್ಟೇ. ಒಂದು ಪ್ರತಿಕಾಯಕ್ಕೆ 1,300ಕ್ಕೂ ಹೆಚ್ಚು ಬೇಕು. ಅದರ ದ್ರಾವಣ ಕ್ವಾರ್ಟ್ಜ್ ಕ್ಯುವೆಟ್‌ನಲ್ಲಿದೆ. 222 ನ್ಯಾನೊಮೀಟರಿನ ನೇರಳಾತೀತ ಬೆಳಕು ಎಡಕ್ಕೆ ತಿರುಚಿ ಒಮ್ಮೆ, ಬಲಕ್ಕೆ ತಿರುಚಿ ಒಮ್ಮೆ ಹಾಯುತ್ತದೆ. ಸುರುಳಿಗಳು ಇರುವ ತನಕ ಎರಡನ್ನೂ ಸಮನಾಗಿ ಹೀರುವುದಿಲ್ಲ. ಆ ವ್ಯತ್ಯಾಸವೇ ಪರದೆಯ ಮೇಲೆ ಸೊನ್ನೆಗಿಂತ ಬಹಳ ಕೆಳಗೆ ಓಡುವ ಗೆರೆ. ಸುರುಳಿ ಬಿಚ್ಚಿದರೆ ಗೆರೆ ಸೊನ್ನೆಯತ್ತ ಏರಬೇಕು.

25 ಡಿಗ್ರಿ. ಗೆರೆ ಮಲಗಿದೆ. 40. ಮೇ ತಿಂಗಳ ರಾಯಚೂರು. ಗೆರೆ ಹಾಗೇ ಇದೆ. 60 ದಾಟಿತು, ಮೊಟ್ಟೆಯ ಬಿಳಿ ಗಟ್ಟಿಯಾಗತೊಡಗುವ ಬಿಸಿ. 70. ಎಷ್ಟೋ ಪ್ರತಿಕಾಯಗಳು ಈ ಆಸುಪಾಸಿನಲ್ಲಿ ಬಿಚ್ಚಿ ಒಂದಕ್ಕೊಂದು ಅಂಟಿ ಕೆಲಸಕ್ಕೆ ಬಾರದ ಗಸಿಯಾಗುತ್ತವೆ. 80. 90. ಮಡಿಕೆ ಇನ್ನೂ ಬಿಗಿಯಾಗಿಯೇ ಇದೆ.

ಕಾರಣ ಒಳಗಿದೆ. ಪ್ರಕೃತಿ ತನ್ನ ಪ್ರೋಟೀನುಗಳಿಗೆ ದೇಹದ ಬಿಸಿಯಲ್ಲಿ ಬಾಳುವಷ್ಟು ಗಟ್ಟಿತನ ಕೊಟ್ಟು ಸುಮ್ಮನಾಗುತ್ತದೆ, ಅದಕ್ಕಿಂತ ಹೆಚ್ಚು ಕೊಡುವ ಒತ್ತಡ ಅದಕ್ಕಿಲ್ಲ. ವಿನ್ಯಾಸಕಾರರು ಮಾತ್ರ ನೀರಿಗೆ ಹೇಸುವ ಅಮೈನೋ ಆಮ್ಲಗಳನ್ನು ನಡುವೆ ಪೊಳ್ಳಿಲ್ಲದಂತೆ ತುರುಕುತ್ತಾರೆ, ಸುರುಳಿಗಳ ನಡುವಿನ ಜೋಲನ್ನು ಕಡಿಮೆ ಮಾಡುತ್ತಾರೆ. ಎಲ್‌ಸಿಬಿ1 ಎರಡು ವಾರ ಕೋಣೆಯ ಬಿಸಿಯಲ್ಲೇ ಬಿದ್ದಿದ್ದು ಆಮೇಲೂ ವೈರಸ್ಸನ್ನು ಹಿಡಿಯಿತು. ಹಾವಿನ ವಿಷ ಹಿಡಿಯುವ ಪ್ರೋಟೀನುಗಳೂ ಬಿಸಿಯನ್ನು ಚೆನ್ನಾಗಿ ತಡೆದುಕೊಂಡವು.

2025ರ ಜನವರಿಯಲ್ಲಿ ‘ನೇಚರ್’ ಪತ್ರಿಕೆ ಆ ಫಲಿತಾಂಶ ಪ್ರಕಟಿಸಿತು. ಸಾಯುವಷ್ಟು ನರವಿಷ ಹಾಗೂ ಈ ಪ್ರೋಟೀನು ಪಡೆದ ಇಲಿಗಳಲ್ಲಿ, ವಿಷ ಮತ್ತು ಪ್ರಮಾಣಕ್ಕೆ ತಕ್ಕಂತೆ, ನೂರಕ್ಕೆ 80ರಿಂದ 100 ಬದುಕಿದವು. ಮಾಂಸ ಕೊಳೆಸುವ ಸೈಟೊಟಾಕ್ಸಿನನ್ನೂ ಒಂದು ಪ್ರೋಟೀನು ತಡೆಯಿತು, ಆದರೆ ಅದು ಸಾಬೀತಾಗಿರುವುದು ಪ್ರಯೋಗಾಲಯದ ಜೀವಕೋಶಗಳಲ್ಲಿ.

ಪ್ರತಿಕಾಯದ ಹಾದಿಯೂ ನಿಂತಿಲ್ಲ. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ ಇದೇ ಮೂರು ಬೆರಳಿನ ವಿಷಕ್ಕೆ 95ಮ್ಯಾಟ್5 ಎಂಬ ಮಾನವ ಪ್ರತಿಕಾಯವನ್ನು ರೂಪಿಸಿತು. ಪ್ರತಿಕಾಯ ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಪುಟ್ಟ ಪ್ರೋಟೀನನ್ನು ಮೂತ್ರಪಿಂಡ ಬೇಗ ಸೋಸಿ ಹಾಕುತ್ತದೆ. ತಿಂಗಳುಗಟ್ಟಲೆ ಕೊಡುವ ಕ್ಯಾನ್ಸರ್ ಮದ್ದಿಗೆ ಇದು ದೊಡ್ಡ ಕೊರತೆ. ಹಾವಿನ ಕಡಿತದಲ್ಲಿ ಮೊದಲ ಗಂಟೆಗಳೇ ಮುಖ್ಯ, ಪುಟ್ಟದ್ದು ಅಂಗಾಂಶದೊಳಗೆ ಸುಲಭವಾಗಿ ನುಗ್ಗಬಲ್ಲದು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿಗೆ ಒಂದನ್ನೇ ಆರಿಸು ಎಂದರೆ ನನ್ನ ಕೈ ಪುಟ್ಟದ್ದರ ಕಡೆಗೇ ಹೋಗುತ್ತದೆ. ಮನುಷ್ಯರ ಮೇಲೆ ಪರೀಕ್ಷೆ ನಡೆಯುವ ತನಕ ಇದು ಆಸೆಯ ಮಾತು, ಆದರೆ ಆಧಾರವಿರುವ ಆಸೆ.

ನಮ್ಮ ಹೊಲಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವ ಕೊಳಕುಮಂಡಲದ ವಿಷಕ್ಕೆ ಈ ಮೂರು ಬೆರಳು ಮುಖ್ಯವಲ್ಲ; ಅದು ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುವ ಕಿಣ್ವಗಳ ಬೆರಕೆ. ಅಲ್ಲಿ ಕುದುರೆಯ ಪ್ರತಿವಿಷವೇ ಇಂದಿಗೂ ಗತಿ. ಆ ಕಿಣ್ವಗಳ ಮೇಲೂ ಎಲ್ಲೋ ಹಿಡಿಯಲು ಬರುವ ಒಂದು ಅಂಚು ಇರಬೇಕು, ಅದನ್ನು ಹುಡುಕುವ ಕೆಲಸ ಆಗಬೇಕಿದೆ.