ಟಾಲಿಗಂಜಿನಲ್ಲಿ ಒಂದು ಮೈಸೂರು ಯಮಹಾ

ಕಲ್ಕತ್ತೆಗೆ ಬಂದು ನೆಲಸಿದ ಕನ್ನಡಿಗರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಹಾವಡಾ ನಿಲ್ದಾಣದಲ್ಲಿ ಕಣ್ಣು ಕಣ್ಣು ಬಿಡುತ್ತ ಇಳಿದವರೇ. ನಾನು 2003ರಲ್ಲಿ ಎರಡು ಪೆಟ್ಟಿಗೆಗಳೊಡನೆ ಇಳಿದೆ. ನಮ್ಮ ತಂದೆಯವರ ಮೋಟಾರು ಸೈಕಲ್ಲು 2024ರ ಜನವರಿಯಲ್ಲಿ ಮೈತುಂಬ ಗೋಣಿತಟ್ಟು ಹೊದ್ದು, ಹಗ್ಗ ಬಿಗಿಸಿಕೊಂಡು, ಪಾರ್ಸೆಲ್ ಡಬ್ಬಿಯಿಂದ ಇಳಿಯಿತು. ಅದರ ಟ್ಯಾಂಕಿನಲ್ಲಿ ತೊಟ್ಟು ಪೆಟ್ರೋಲು ಇರಲಿಲ್ಲ. ರೈಲಿನವರು ಹಾಗೆ ಬರಿದುಮಾಡಿಸಿಯೇ ಹತ್ತಿಸುತ್ತಾರೆ. ಇದ್ದಿದ್ದರೂ ಪ್ರಯೋಜನವಿರಲಿಲ್ಲವೆನ್ನಿ. ಗಾಡಿ ಕೆಟ್ಟು ನಿಂತು ಆರು ವರ್ಷವಾಗಿತ್ತು.

“ಊರಿನಿಂದ ಹುಣಸೆಹಣ್ಣು ತರಿಸಿಕೊಳ್ಳುವವರನ್ನು ಕಂಡಿದ್ದೇನೆ, ಹಪ್ಪಳ ತರಿಸಿಕೊಳ್ಳುವವರನ್ನು ಕಂಡಿದ್ದೇನೆ. ತುಕ್ಕು ತರಿಸಿಕೊಂಡವರನ್ನು ಇವತ್ತೇ ಕಂಡದ್ದು” ಎಂದಳು ನಮ್ಮ ಮನೆಯಾಕೆ. ಅವಳ ಮಾತಿನಲ್ಲಿ ಸತ್ಯವಿತ್ತು. ಆದರೆ ಬೇರೆ ದಾರಿಯೂ ಇರಲಿಲ್ಲ. ತಂದೆಯವರು 2022ರಲ್ಲಿ ತೀರಿಕೊಂಡ ಮೇಲೆ ಮೈಸೂರಿನ ಮನೆಯ ಬಾಗಿಲಿಗೆ ತಿಂಗಳಿಗೊಬ್ಬ ಗಿರಾಕಿ ಬಂದು, “ಅಮ್ಮ, ಆ ಹಳೆಯ ಆರ್‌ಎಕ್ಸ್ ಕೊಟ್ಟುಬಿಡಿ” ಎಂದು ಕಾಡುತ್ತಿದ್ದ. ರಿಪೇರಿಗೆಂದು ಕರೆದವರೂ ಬೆಲೆ ಕೇಳಿಯೇ ಹೋಗುತ್ತಿದ್ದರು. ನನ್ನ ಕಣ್ಣೆದುರಿಗೇ ಇದ್ದು ರಿಪೇರಿಯಾಗಲಿ ಎಂದು ಇಲ್ಲಿಗೆ ತರಿಸಿದೆ.

ಗಾಡಿಯ ಕುಲಗೋತ್ರ ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ನಮ್ಮ ದೇಶದ ಮೋಟಾರು ಸೈಕಲ್ಲುಗಳೆಂದರೆ ಬುಲೆಟ್ಟು, ರಾಜದೂತ, ನಮ್ಮೂರ ಜಾವಾ, ಅದರ ತಮ್ಮ ಯೆಜ್ಡಿ. 1980ರ ದಶಕದಲ್ಲಿ ಜಪಾನಿನವರು ಇಲ್ಲಿಯವರ ಕೈಹಿಡಿದು ಒಬ್ಬರ ಹಿಂದೊಬ್ಬರು ಬಂದರು. 1983ರಲ್ಲಿ ಎಸ್ಕಾರ್ಟ್ಸ್‌ನವರು ಯಮಹಾದ ಮಾದರಿಯಲ್ಲಿ ಎರಡು ಸಿಲಿಂಡರಿನ ರಾಜದೂತ 350 ತಂದರು. 1984ರಲ್ಲಿ ಸುಜುಕಿಯ 100 ಸಿ.ಸಿ. ಗಾಡಿ ಹೊರಬಂದದ್ದು ನಮ್ಮ ಗಡಿಯಾಚೆಯ, ಇಂದಿಗೂ ಸಂತೆಯಲ್ಲಿ ಕನ್ನಡ ಕೇಳಿಬರುವ, ಹೊಸೂರಿನಿಂದ. 1985ರಲ್ಲಿ ಹೀರೋ ಹೋಂಡಾ ಬಂತು. ಆ ವರ್ಷದ ಕೊನೆಯಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. ಅಂದಿನ ಹುಡುಗರು ನಿದ್ದೆಗೆಟ್ಟ ಈ ಗಾಡಿಗಳೇ ಇಂದು ನಮ್ಮಲ್ಲಿ ‘ಹಳೆಯ ಜಪಾನೀ ಗಾಡಿ’ಗಳೆನಿಸಿ, ಹುಡುಕಿ ಕೊಂಡು ತಿದ್ದಿ ತೀಡುವವರ ಪಾಲಾಗಿವೆ.

ತಂದೆಯವರು 1990ರಲ್ಲಿ ಸಾಲಮಾಡಿ ಆರ್‌ಎಕ್ಸ್ ಕೊಂಡರು. ಅವರು ಶ್ರೀರಂಗಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು, ಮನೆ ಮೈಸೂರಿನಲ್ಲಿ. ದಿನವೂ ಸುಮಾರು 15 ಕಿಲೋಮೀಟರು ಹೋಗಿ, ಅಷ್ಟೇ ದೂರ ಬರಬೇಕು. 1961ರಿಂದ ಜಾವಾ ಗಾಡಿ ತಯಾರಿಸುತ್ತಿದ್ದ ಮೈಸೂರಿನಲ್ಲಿ ಯಮಹಾ ಕೊಳ್ಳುವುದೆಂದರೆ ಬೆಲ್ಲದ ಆಲೆಮನೆಯ ಪಕ್ಕದಲ್ಲಿ ಕುಳಿತು ಸಕ್ಕರೆ ಕಾಫಿ ಕುಡಿದಂತೆ. ಜಾವಾ ಕಾರ್ಖಾನೆಯಲ್ಲಿದ್ದ ನೆರೆಮನೆಯವರು ಒಂದು ವಾರ ಮಾತು ಬಿಟ್ಟರು. ಎಂಟನೆಯ ದಿನ ಬಂದು, ಗಾಡಿಯ ಸುತ್ತ ಮೂರು ಸುತ್ತು ಹಾಕಿ, “ಇದಕ್ಕೆ ಒದೆಯುವ ಕಡ್ಡಿ ಬೇರೆ, ಗೇರಿನ ಕಡ್ಡಿ ಬೇರೆ. ನಮ್ಮದರಲ್ಲಿ ಎರಡೂ ಒಂದೇ ಕಡ್ಡಿ. ಮಿತವ್ಯಯ ನಮ್ಮದು ಮೇಷ್ಟ್ರೆ” ಎಂದು ಹೇಳಿ ಸಮಾಧಾನ ಮಾಡಿಕೊಂಡರು.

ಇನ್ನು ಟಾಲಿಗಂಜಿನ ವಿಷಯ. 1770ರ ದಶಕದಲ್ಲಿ ವಿಲಿಯಂ ಟಾಲಿ ಎಂಬ ಇಂಗ್ಲಿಷ್ ಅಧಿಕಾರಿ ಗಂಗೆಯ ಹಳೆಯ ಪಾತ್ರವೊಂದರ ಹೂಳೆತ್ತಿಸಿ ದೋಣಿಗಳು ಓಡಾಡುವಂತೆ ಮಾಡಿದನು. ಅದು ಟಾಲಿಯ ನಾಲೆಯಾಯಿತು. ಪಕ್ಕದ ಪೇಟೆ ಟಾಲಿಗಂಜಾಯಿತು. ಈಗ ನಾಲೆಯಲ್ಲಿ ದೋಣಿಗಳಿಲ್ಲ. ಅದರ ನಡುವೆಯೇ ಕಂಬ ನೆಟ್ಟು ಮೇಲೆ ಮೆಟ್ರೋ ರೈಲು ಓಡಿಸಿದ್ದಾರೆ. 1986ರಲ್ಲಿ ತೆರೆದ ಟಾಲಿಗಂಜ್ ಮೆಟ್ರೋ ನಿಲ್ದಾಣಕ್ಕೆ 2009ರಿಂದ ಮಹಾನಾಯಕ ಉತ್ತಮ್ ಕುಮಾರ್ ಎಂದು ಹೆಸರು. ಬಂಗಾಳಿ ಚಿತ್ರಗಳ ಸ್ಟುಡಿಯೋಗಳು ಇಲ್ಲಿಯೇ ಇರುವುದರಿಂದ ಅದು ಸರಿಯೇ.

ಆದರೆ ಮೈಸೂರಿನವರಿಗೆ ಟಾಲಿಗಂಜಿನಲ್ಲಿ ಇನ್ನೂ ಹಳೆಯ ನಂಟೊಂದಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ಮಕ್ಕಳನ್ನೂ ಪರಿವಾರವನ್ನೂ ಕಂಪನಿಯವರು ವೆಲ್ಲೂರಿನ ಕೋಟೆಯಲ್ಲಿಟ್ಟರು. 1806ರ ಜುಲೈಯಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದರು. ಆ ಭಯಕ್ಕೆ ಪರಿವಾರವನ್ನು ಕಲ್ಕತ್ತೆಗೆ ಸಾಗಿಸಿ ಟಾಲಿಗಂಜಿನಲ್ಲಿ ನೆಲೆಗೊಳಿಸಿದರು. ಶ್ರೀರಂಗಪಟ್ಟಣ ಬಿದ್ದಾಗ ಇನ್ನೂ ಎಳೆಯ ಮಗುವಾಗಿದ್ದ ಕಿರಿಯ ಮಗ ಗುಲಾಮ್ ಮಹಮ್ಮದ್ ಇಲ್ಲಿಯೇ ಮುದುಕನಾದ. 1842ರಲ್ಲಿ ಧರ್ಮತಲದ ದೊಡ್ಡ ಮಸೀದಿಯನ್ನು ಕಟ್ಟಿಸಿದ. ಟಾಲಿಗಂಜಿನಲ್ಲಿಯೂ ಅದರ ಜೋಡಿಯಂತಿರುವ ಇನ್ನೊಂದನ್ನು ಕಟ್ಟಿಸಿದ. ಪಕ್ಕದ ಪ್ರಿನ್ಸ್ ಅನ್ವರ್ ಶಾ ರಸ್ತೆಯೂ ಆ ಮನೆತನದವರ ಹೆಸರನ್ನೇ ಹೊತ್ತಿದೆ.

ನಮ್ಮ ಮನೆಯಿಂದ ಮೋಟಾರು ಮಿಸ್ತ್ರಿಯ ಅಂಗಡಿಗೆ ಹೋಗಲು ಈ ಮಸೀದಿಯ ಮುಂದೆಯೇ ಹಾಯಬೇಕು. ಗಾಡಿಯ ರಿಜಿಸ್ಟ್ರೇಷನ್ನು 2020ರಲ್ಲಿಯೇ ಮುಗಿದಿದ್ದರಿಂದ, ಓಡುವಂತಿದ್ದರೂ ಓಡಿಸುವಂತಿರಲಿಲ್ಲ. ಒಂದು ಭಾನುವಾರ ಪ್ರಾತಃಕಾಲ ತಳ್ಳಿಕೊಂಡು ಹೊರಟೆ. ಕೆಎ 09 ಎಂಬ ಮೈಸೂರಿನ ನಂಬರು ಹೊತ್ತ ಗಾಡಿ, ಬೆವರು ಸುರಿಸುವ ಮೈಸೂರಿನವನು. ಮಸೀದಿಯ ಗೋಡೆಯ ನೆರಳಿನಲ್ಲಿ ದಣಿವಾರಿಸಿಕೊಳ್ಳಲು ನಿಂತಾಗ, ಶ್ರೀರಂಗಪಟ್ಟಣದಿಂದ ಈ ಮೂಲೆಗೆ ಬಂದವರಲ್ಲಿ ನಾವು ಮೊದಲಿಗರೇನೂ ಅಲ್ಲ ಎನ್ನಿಸಿ ನಗು ಬಂತು. ಅವರನ್ನು ತಂದವರು ವಾಪಸು ಕಳುಹಿಸಲಿಲ್ಲ. ನಾನು ಈ ಗಾಡಿಯನ್ನಾದರೂ ವಾಪಸು ಕಳುಹಿಸಲೇಬೇಕಾಗಿತ್ತು. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನಂಬರು ಪಡೆಯಬೇಕೆಂದು ಕಾನೂನು. ತಂದೆಯವರ ನಂಬರು ಅಳಿಸುವುದು ನನಗೆ ಬೇಡವಾಗಿತ್ತು. ಹನ್ನೆರಡು ತಿಂಗಳೊಳಗೆ ರಿಪೇರಿ ಮುಗಿಸಿ, ಮೈಸೂರಿಗೊಯ್ದು, ತಪಾಸಣೆಯಲ್ಲಿ ಗೆಲ್ಲಿಸಿ, ರಿಜಿಸ್ಟ್ರೇಷನ್ನು ಮುಂದುವರಿಸಬೇಕು. ಮುದಿ ಗಾಡಿಗೆ ರಿಯಾಯಿತಿ ಇಲ್ಲವೇ ಎಂದು ನೀವು ಕೇಳಬಹುದು. ಇದೆ. 2021ರ ನಿಯಮದಂತೆ ಮೂಲರೂಪದಲ್ಲಿಯೇ ಇದ್ದು ಐವತ್ತು ವರ್ಷ ದಾಟಿದ ಗಾಡಿಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ಮರ್ಯಾದೆ. ನಮ್ಮದಕ್ಕೆ ಆ ಪ್ರಾಯ ತುಂಬುವುದು 2040ರಲ್ಲಿ. ಹೊಸದೂ ಅಲ್ಲ, ಹಿರಿಯರ ಸಾಲಿಗೂ ಸೇರಿಲ್ಲ. ನನ್ನ ವಯಸ್ಸಿನವರ ಪಾಡೇ ಅದಕ್ಕೂ.

ಮಿಸ್ತ್ರಿ ದಾದಾ ಅರುವತ್ತು ದಾಟಿದವರು. ಮಿತಭಾಷಿ. ಗಾಡಿಯನ್ನು ನೋಡಿ, ಒದೆಯುವ ಕಡ್ಡಿಯನ್ನು ಅಂಗೈಯಿಂದ ಒತ್ತಿ, ಅದು ಅಲುಗದಿರಲು, “ಹೋಬೆ” ಎಂದರು. ನಮ್ಮ ಕಿವಿಗೆ ಅದು ‘ಹೋಯಿತು’ ಎಂದಂತೆ ಕೇಳುತ್ತದೆ. ಬಂಗಾಳಿಯಲ್ಲಿ ಅದರ ಅರ್ಥ ‘ಆಗುತ್ತದೆ’ ಎಂದು. ಪ್ಲಗ್ಗು ಬಿಚ್ಚಿ ಆ ತೂತಿನಲ್ಲಿ ಎಣ್ಣೆ ಹೊಯ್ದು ಒಂದು ವಾರ ಬಿಟ್ಟರು. ಮುಂದಿನ ಭಾನುವಾರ ಕಡ್ಡಿ ಅಲುಗಿತು. ಸಿಲಿಂಡರು ಬಿಚ್ಚಿ ನೋಡಿದರೆ ಒಳಗೋಡೆಯಲ್ಲೆಲ್ಲ ತುಕ್ಕಿನ ಗುಳಿಗಳು.

ಈ ಇಂಜಿನ್ನಿನ ಮರ್ಮ ಸರಳ. ಪಿಸ್ಟನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಅಷ್ಟರಲ್ಲಿ ಒಂದು ಸುತ್ತು ಕೆಲಸ ಮುಗಿಯಿತು. ಆದ್ದರಿಂದಲೇ ಅದು ಹಗುರ, ಚುರುಕು. ಆದರೆ ಒಳಭಾಗಗಳಿಗೆ ಬೇಕಾದ ಎಣ್ಣೆ ಪೆಟ್ರೋಲಿನೊಡನೆಯೇ ಉರಿಯಬೇಕು. ನೀಲಿ ಹೊಗೆ ಬರುವುದು ಅದರಿಂದಲೇ. ಹೊಗೆಯ ಕಾನೂನು ಬಿಗಿಯಾದಂತೆ ಇಂಥ ಇಂಜಿನ್ನುಗಳಿಗೆ ಕಾಲ ಕೂಡಿಬರಲಿಲ್ಲ. 1996ರಲ್ಲಿ ಆರ್‌ಎಕ್ಸ್ 100 ತಯಾರಿಕೆ ನಿಂತಿತು. ಅದೇ ವರ್ಷ ನಮ್ಮ ಮೈಸೂರಿನ ಜಾವಾ ಕಾರ್ಖಾನೆಯೂ ಬಾಗಿಲು ಹಾಕಿತು. ನೆರೆಮನೆಯವರಿಗೂ ನಮ್ಮ ತಂದೆಯವರಿಗೂ ಇದ್ದ ವಾದ ಹೀಗೆ ತೀರ್ಪಿಲ್ಲದೆ ಮುಗಿಯಿತು.

ಸಿಲಿಂಡರನ್ನು ಕೊರೆಸಿ ಹಿಗ್ಗಿಸಬೇಕಾಯಿತು. ಕಾಲು ಮಿಲಿಮೀಟರಿಗೆ ಗುಳಿಗಳು ಮಾಯಲಿಲ್ಲ. ಅರ್ಧ ಮಿಲಿಮೀಟರು ಬೇಕಾಯಿತು. ಇಲ್ಲಿ ತಂದೆಯವರ ಒಂದು ಮಾತು ನೆನಪಾಯಿತು. ಪ್ರತಿವರ್ಷವೂ ಅವರು ಹುಡುಗರಿಗೆ ಒಂದು ಲೆಕ್ಕ ಕೊಡುತ್ತಿದ್ದರು: “ಮೇಷ್ಟರ ಗಾಡಿಯ ಸಿಲಿಂಡರಿನ ವ್ಯಾಸ 50 ಮಿಲಿಮೀಟರು, ಪಿಸ್ಟನ್ನು ಓಡಾಡುವ ದೂರ 50 ಮಿಲಿಮೀಟರು. ಹಾಗಾದರೆ ಗಾತ್ರವೆಷ್ಟು?” ಉತ್ತರ 98 ಸಿ.ಸಿ. ಚಿಲ್ಲರೆ. “ಹೆಸರು ನೂರು, ಇರುವುದು ತೊಂಬತ್ತೆಂಟು. ಎರಡು ಅಂಕ ಕೃಪಾಂಕ” ಎನ್ನುತ್ತಿದ್ದರು. ನಾನು ಚಹಾದ ಅಂಗಡಿಯಲ್ಲಿ ಕುಳಿತು, ಹಳೆಯ ಕಾಗದದ ತುಂಡಿನ ಮೇಲೆ 50.5 ಹಾಕಿ ಗುಣಿಸಿದೆ. 100 ದಾಟಿ ಚಿಲ್ಲರೆ ಬಂತು! ಮೂವತ್ತನಾಲ್ಕು ವರ್ಷ ಸವೆದ ಮೇಲೆ ಗಾಡಿ ತನ್ನ ಹೆಸರಿಗೆ ತಕ್ಕಂತಾಗಿತ್ತು. ಈ ಉತ್ತರವನ್ನು ತೋರಿಸಬೇಕಾದವರು ಮಾತ್ರ ಇರಲಿಲ್ಲ.

ಬಿಡಿಭಾಗಗಳಿಗೆ ಮಲ್ಲಿಕ್ ಬಜಾರೇ ಗತಿ. ಟಾಲಿಗಂಜಿನಿಂದ ಮೆಟ್ರೋದಲ್ಲಿ ಪಾರ್ಕ್ ಸ್ಟ್ರೀಟಿಗೆ ಹೋಗಿ, ಅಲ್ಲಿಂದ ಪೂರ್ವಕ್ಕೆ ಸಾಗಿದರೆ, ಹಳೆಯ ಗಾಡಿಗಳ ಅಂಗಾಂಗಗಳನ್ನು ತೂಗುಹಾಕಿದ ಅಂಗಡಿಗಳ ಸಾಲು. ಐದು ಭಾನುವಾರ ತಿರುಗಿದೆ. ಕಾರ್ಬೊರೇಟರಿನ ತೂತುಗಳು ತೊಳೆದರೆ ಸರಿಹೋದವು. ಒಣಗಿ ಕಲ್ಲಾಗಿದ್ದ ಎಣ್ಣೆಯ ಸೀಲುಗಳಿಗೆ ಹೊಸವು ಸಿಕ್ಕವು. ಟ್ಯಾಂಕಿನ ಬಿಲ್ಲೆಯೊಂದು ಸಿಕ್ಕಿತು. ಆ ಬಿಲ್ಲೆಯಲ್ಲಿ ಮೂರು ಶ್ರುತಿಕವೆಗಳ ಗುರುತಿದೆ. ಮೋಟಾರಿಗೂ ಶ್ರುತಿಗೂ ಏನು ಸಂಬಂಧವೆಂದರೆ, 1887ರಲ್ಲಿ ಹಮಾಮತ್ಸು ಎಂಬ ಊರಿನಲ್ಲಿ ಶಾಲೆಯೊಂದರ ಆರ್ಗನ್ ವಾದ್ಯ ಕೆಟ್ಟಿತಂತೆ. ವೈದ್ಯೋಪಕರಣಗಳ ರಿಪೇರಿ ಮಾಡುತ್ತಿದ್ದ ತೊರಾಕುಸು ಯಮಹಾ ಎಂಬವನನ್ನು ಕರೆಸಿದರು. ಅವನು ರಿಪೇರಿ ಮಾಡಿದ್ದಲ್ಲದೆ ತಾನೂ ಒಂದು ವಾದ್ಯ ಮಾಡತೊಡಗಿದ. ಆ ಮನೆತನದಿಂದ ಮೋಟಾರು ಸೈಕಲ್ಲು ಹೊರಬಂದದ್ದು 1955ರಲ್ಲಿ. ಮೇಷ್ಟರ ಗಾಡಿಯ ಮೂಲ ಒಂದು ಶಾಲೆಯ ರಿಪೇರಿಯಲ್ಲಿದೆ ಎಂದು ತಿಳಿದು ನನಗೆ ಪರಮಸಂತೋಷವಾಯಿತು.

ಉಳಿದದ್ದು ಟ್ಯಾಂಕು. ಅದರ ಎಡಮಗ್ಗುಲಲ್ಲಿ ಅಂಗೈಯಗಲದ ಒಂದು ತಗ್ಗು. ಅದು ನಾನು ಮಾಡಿದ್ದು. 1995ರಲ್ಲಿ, ಹದಿನಾರರ ಪ್ರಾಯದಲ್ಲಿ, ತಂದೆಯವರು ಪಾಠದಲ್ಲಿದ್ದಾಗ ಕದ್ದು ಓಡಿಸಿ, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಬಳಿ ಕಲ್ಲಿಗೆ ಬಿದ್ದೆ. ಅವರು ಹೊಡೆಯಲಿಲ್ಲ, ಬೈಯಲಿಲ್ಲ. ತಗ್ಗನ್ನು ತೆಗೆಸಲೂ ಇಲ್ಲ. ಇಪ್ಪತ್ತಮೂರು ವರ್ಷ ಆ ತಗ್ಗನ್ನು ಮಂಡಿಯ ಪಕ್ಕದಲ್ಲಿಟ್ಟುಕೊಂಡೇ ಓಡಾಡಿದರು. ಅದು ನನಗೆ ಕೊಟ್ಟ ಮೌನಶಿಕ್ಷೆಯೆಂದು ಹುಡುಗನಾಗಿದ್ದಾಗ ತಿಳಿದಿದ್ದೆ; ದೊಡ್ಡವನಾದ ಮೇಲೆ, ಮಗ ಉಳಿದದ್ದರ ನೆನಪಿಗೆಂದು ಇಟ್ಟುಕೊಂಡಿದ್ದಾರೆ ಎಂದು ತಿಳಿದೆ. ಮಿಸ್ತ್ರಿ ದಾದಾಗೆ ಕಟ್ಟುನಿಟ್ಟಾಗಿ ಹೇಳಿದೆ: “ಏನು ಬೇಕಾದರೂ ಬದಲಾಯಿಸಿ; ಆ ತಗ್ಗನ್ನು ಮುಟ್ಟಬೇಡಿ.”

ಆ ರಾತ್ರಿ ಅಮ್ಮನಿಗೆ ಫೋನಿನಲ್ಲಿ ಈ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೆನಪಿಗೆ ಯಾರು ಇಟ್ಟುಕೊಂಡಿದ್ದರು?” ಎಂದಳು. “ಅದನ್ನು ಕಂಡರೆ ಅವರಿಗೆ ಮುಜುಗರ. ಹುಡುಗರು ನಗುತ್ತಾರೆ ಎಂದು ಆ ಮಗ್ಗುಲನ್ನು ಸ್ಕೂಲಿನ ಗೋಡೆಯ ಕಡೆಗೆ ಮಾಡಿ ನಿಲ್ಲಿಸುತ್ತಿದ್ದರು. ತಗ್ಗು ತೆಗೆಯುವವನು ನೂರೈವತ್ತು ಕೇಳಿದ್ದ. ಎರಡು ಸಲ ಎತ್ತಿಟ್ಟೆವು. ಒಂದು ಸಲದ್ದು ನಿನ್ನ ಸಿ.ಇ.ಟಿ. ಪುಸ್ತಕಕ್ಕೆ ಹೋಯಿತು. ಇನ್ನೊಂದು ನಿನ್ನ ಹಾಸ್ಟೆಲಿಗೆ. ಆಮೇಲೆ ಆ ಮಾತು ಬಿಟ್ಟರು.”

ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ನಾನು ಪೂಜೆಗೆ ಇಡಬೇಕೆಂದಿದ್ದದ್ದು ಅವರ ಪಾಲಿಗೆ ಬರಿಯ ಬಾಕಿ ಉಳಿದ ಕೆಲಸ. ಹಳೆಯ ಯಂತ್ರಗಳನ್ನು ತಿದ್ದುವವರೆಲ್ಲ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು? ಅದನ್ನು ನಮ್ಮ ಮನಸ್ಸನ್ನೇ ಕೇಳಿದರೆ ಸಾಲದು. ಗಾಡಿಯ ಯಜಮಾನನಿಗೆ ಏನು ಬೇಕಾಗಿತ್ತೆಂದು ಬಲ್ಲವರನ್ನು, ಅವರಿರುವಾಗಲೇ, ಕೇಳಬೇಕು.

ಮಾರನೆಯ ಭಾನುವಾರ ತಗ್ಗು ತೆಗೆಯುವವನನ್ನು ಕರೆಸಿದೆವು. ಅವನು ಟ್ಯಾಂಕಿಗೆ ನೀರು ತುಂಬಿ ಉಳಿದ ಪೆಟ್ರೋಲಿನ ಆವಿಯನ್ನೆಲ್ಲ ಓಡಿಸಿದ. ಇಲ್ಲದಿದ್ದರೆ ಬೆಂಕಿ ತಗುಲಿಸಿದೊಡನೆ ಸಿಡಿಯುತ್ತದೆ. ಬಳಿಕ ತಳಭಾಗವನ್ನು ಕೊಯ್ದು, ಒಳಗಿನಿಂದ ಮರದ ಕೊಡತಿಯಲ್ಲಿ ಮೆಲ್ಲಮೆಲ್ಲನೆ ಬಡಿದು ತಗ್ಗನ್ನು ಮೇಲೆತ್ತಿದ. ನಾನು ಪಕ್ಕದಲ್ಲಿಯೇ ಕುಳಿತು ನೋಡಿದೆ. ನವೆಂಬರಿನಲ್ಲಿ ಇಂಜಿನ್ನು ಮೂರನೆಯ ಒದೆತಕ್ಕೆ ಹತ್ತಿತು. ಗಲ್ಲಿಯ ತುಂಬ ನೀಲಿ ಹೊಗೆ. ಎದುರುಮನೆಯ ಅಜ್ಜಿ ಕಿಟಕಿ ಹಾಕಿಕೊಂಡಳು; ದಾದಾ ಮತ್ತೊಮ್ಮೆ “ಹೋಬೆ” ಎಂದರು.

ಡಿಸೆಂಬರಿನಲ್ಲಿ ಪುನಃ ಗೋಣಿತಟ್ಟು, ಪುನಃ ಹಾವಡಾ. ಮೈಸೂರಿನ ತಪಾಸಣೆಯಲ್ಲಿ ಗಾಡಿ ಗೆದ್ದಿತು. ಇನ್ನೈದು ವರ್ಷ ಕೆಎ 09 ಉಳಿಯಿತು. ಮನೆಯ ಮುಂದೆ ತಂದು ನಿಲ್ಲಿಸಿದಾಗ ಅಮ್ಮ ಹೊರಗೆ ಬಂದು, ಟ್ಯಾಂಕಿನ ಎಡಮಗ್ಗುಲನ್ನು ಸೆರಗಿನಿಂದ ಒರಸಿ ನೋಡಿದಳು.

“ಇದಕ್ಕೆ ಎಷ್ಟಾಯಿತು?”

“ಎರಡು ಸಾವಿರದ ಐನೂರು.”

“ಆಗಲೇ ಮಾಡಿಸಿದ್ದರೆ ನೂರೈವತ್ತರಲ್ಲಿ ಮುಗಿಯುತ್ತಿತ್ತು” ಎಂದಳು.