ಪಿಸಿಎಂಬಿಯ ಕೊನೆಯ ಅಕ್ಷರ

ಎಸ್ಸೆಸ್ಸೆಲ್ಸಿ ಮುಗಿಸಿ ವಿಜ್ಞಾನ ವಿಭಾಗಕ್ಕೆ ಬರುವವರ ಮುಂದೆ ಕರ್ನಾಟಕದ ಪದವಿಪೂರ್ವ ಕಾಲೇಜುಗಳು ಪಿಸಿಎಂಬಿ, ಪಿಸಿಎಂಸಿ ಎಂಬಂಥ ಅಕ್ಷರಗುಚ್ಛಗಳನ್ನು ಇಡುತ್ತವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಮೊದಲ ಮೂರಕ್ಷರ ಇವುಗಳಲ್ಲಿ ಒಂದೇ, ಆಯ್ಕೆಯೆಲ್ಲ ಕೊನೆಯದರಲ್ಲಿ. ಜೀವಶಾಸ್ತ್ರದ ‘ಬಿ’ ಎಂದು ಬರೆದ ಮನೆಗಳಲ್ಲಿ ಡಾಕ್ಟರ್ ಆಗುವ ಮಾತು ಸಾಮಾನ್ಯವಾಗಿ ಅದಾಗಲೇ ಆಗಿಹೋಗಿರುತ್ತದೆ. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 360 ಜೀವಶಾಸ್ತ್ರದವು ಎಂಬುದು ಈಗ ಅಜ್ಜಿಯಂದಿರಿಗೂ ಗೊತ್ತು. ಉಳಿದ ಮೂರಕ್ಕೆ ಟ್ಯೂಷನ್, ಜೀವಶಾಸ್ತ್ರಕ್ಕೆ ಬಾಯಿಪಾಠ ಎಂಬ ಲೆಕ್ಕಾಚಾರವೂ ಅದರ ಬೆನ್ನಿಗೇ ಬರುತ್ತದೆ. ಈ ಲೆಕ್ಕ ಅರ್ಧ ಮಾತ್ರ ಸರಿ.

ಹತ್ತನೆಯ ತರಗತಿಯವರೆಗೆ ಜೀವಶಾಸ್ತ್ರವೆಂದರೆ ವಿಜ್ಞಾನ ಪುಸ್ತಕದೊಳಗಿನ ಕೆಲವು ಪಾಠಗಳು. ಪ್ರಥಮ ಪಿಯುಸಿಯಲ್ಲಿ ಅದಕ್ಕೆ ಬೇರೆಯೇ ಪುಸ್ತಕ, ಬೇರೆಯೇ ಲ್ಯಾಬು, ಬೇರೆಯೇ ರೆಕಾರ್ಡು. ಪುಸ್ತಕ ಎನ್‌ಸಿಇಆರ್‌ಟಿಯದು. ಮೊದಲ ಪಾಠಗಳಲ್ಲಿ ತಲೆಗೆ ಬೀಳುವುದು ಹೆಸರುಗಳ ರಾಶಿ: ವಿಟೇಕರ್ 1969ರಲ್ಲಿ ಮುಂದಿಟ್ಟ ಐದು ಸಾಮ್ರಾಜ್ಯಗಳು, ಪಾಚಿಗಳು, ಶಿಲೀಂಧ್ರಗಳು, ಸ್ಪಂಜಿನಿಂದ ಸಸ್ತನಿಯವರೆಗಿನ ವಂಶಗಳು. ಕನ್ನಡ ಮಾಧ್ಯಮದಿಂದ ಬಂದವರಿಗೆ ಪಾಠ ದಿಢೀರನೆ ಇಂಗ್ಲಿಷಿಗೆ ತಿರುಗಿದ ಕಷ್ಟವೂ ಇದರ ಜೊತೆಗಿರುತ್ತದೆ. ಆದರೆ ವರ್ಗೀಕರಣದ ಪಾಠದಲ್ಲಾದರೂ ಎಲ್ಲರೂ ಒಂದೇ ದೋಣಿಯಲ್ಲಿರುತ್ತಾರೆ. ಲ್ಯಾಟಿನ್ ಯಾರ ಮನೆಮಾತೂ ಅಲ್ಲ.

ಎರಡು ಪದದ ಹೆಸರಿಡುವ ಪದ್ಧತಿಯನ್ನು ಸಸ್ಯಗಳಿಗೆಲ್ಲ ಕ್ರಮವಾಗಿ ಅನ್ವಯಿಸಿದ್ದು ಸ್ವೀಡನ್ನಿನ ಲಿನೇಯಸ್, 1753ರ ತನ್ನ ಗ್ರಂಥದಲ್ಲಿ. ಮೊದಲ ಪದ ಕುಲವನ್ನೂ ಎರಡನೆಯದು ಪ್ರಭೇದವನ್ನೂ ಹೇಳುತ್ತದೆ. ಕೈಬರಹದಲ್ಲಿ ಎರಡಕ್ಕೂ ಪ್ರತ್ಯೇಕವಾಗಿ ಅಡಿಗೆರೆ ಎಳೆಯಬೇಕು. ಬದನೆ ಸೊಲಾನಂ ಮೆಲಾಂಜೆನಾ, ಆಲೂಗಡ್ಡೆ ಸೊಲಾನಂ ಟ್ಯೂಬರೋಸಂ. ಇಷ್ಟನ್ನೇ ಉರುಹೊಡೆದರೆ ವಾರದಲ್ಲಿ ಮರೆತುಹೋಗುತ್ತದೆ. ಒಂದು ಬದನೆ ಹೂವನ್ನು ಕೈಯಲ್ಲಿ ಹಿಡಿದವರಿಗೆ ಮಾತ್ರ ಈ ಎರಡರ ನಂಟಸ್ತಿಕೆ ಹೊಳೆಯುತ್ತದೆ. ಐದು ಪುಷ್ಪಪತ್ರಗಳು ಬುಡದಲ್ಲಿ ಕೂಡಿಕೊಂಡಿವೆ. ದಳಗಳೂ ಐದು, ಅವೂ ಕೂಡಿಕೊಂಡಿವೆ. ಕೇಸರಗಳೈದು ದಳಕ್ಕೇ ಅಂಟಿ ನಿಂತಿವೆ. ಅಂಡಾಶಯವನ್ನು ಬ್ಲೇಡಿನಿಂದ ಅಡ್ಡಕ್ಕೆ ಸೀಳಿದರೆ ಉಬ್ಬಿದ ದಿಂಡಿನ ಸುತ್ತ ಕಿಕ್ಕಿರಿದ ಅಂಡಕಗಳು. ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆಯ ಹೂಗಳಲ್ಲೂ ಹೆಚ್ಚುಕಡಿಮೆ ಇದೇ ಏರ್ಪಾಡು. ಮಟ್ಟುಗುಳ್ಳ ಬದನೆಯೂ ಬ್ಯಾಡಗಿ ಮೆಣಸಿನಕಾಯಿಯೂ ಸೊಲನೇಸಿ ಎಂಬ ಒಂದೇ ಕುಟುಂಬದವು ಎನ್ನುವುದಕ್ಕೆ ಸಾಕ್ಷಿ ಹೂವಿನಲ್ಲಿದೆ, ರುಚಿಯಲ್ಲಿಲ್ಲ. ಮಾರುಕಟ್ಟೆಯ ಬದನೆಕಾಯಿಯ ತಲೆ ಮೇಲೆ ಉಳಿದುಕೊಂಡಿರುವ ಹಸಿರು ತೊಟ್ಟಿನ ಟೋಪಿ ಆ ಹೂವಿನ ಪುಷ್ಪಪತ್ರಗಳೇ. ಹೂ ಉದುರಿದರೂ ಅವು ಉದುರುವುದಿಲ್ಲ.

ಲ್ಯಾಬಿನ ಮೊದಲ ಪಾಠಗಳಲ್ಲಿ ಈರುಳ್ಳಿ ಇದ್ದೇ ಇರುತ್ತದೆ. ಎಸಳನ್ನು ಮುರಿದಾಗ ಒಳಮೈಯಿಂದ ಎದ್ದು ಬರುವ ತೆಳು ಪೊರೆಯನ್ನು ಗಾಜಿನ ಪಟ್ಟಿಯ ಮೇಲೆ ನೀರಿನ ಹನಿಯಲ್ಲಿ ಹರಡಿ, ಸ್ಯಾಫ್ರನಿನ್ ಬಣ್ಣ ಕೊಟ್ಟು, ಕವರ್‌ಸ್ಲಿಪ್ಪನ್ನು ಸೂಜಿಯ ಆಸರೆಯಲ್ಲಿ ಓರೆಯಾಗಿ ಇಳಿಸಬೇಕು. ನೇರವಾಗಿ ಕೈಬಿಟ್ಟರೆ ಗಾಳಿಗುಳ್ಳೆ ಒಳಗೆ ಸಿಕ್ಕಿಕೊಳ್ಳುತ್ತದೆ. ದಪ್ಪ ಕಪ್ಪು ಅಂಚಿನ, ಅಚ್ಚುಕಟ್ಟಾಗಿ ದುಂಡಗಿರುವ ಆ ಗುಳ್ಳೆಯನ್ನೇ ಜೀವಕೋಶವೆಂದು ಬರೆದುಕೊಳ್ಳುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ನಿಜವಾದ ಕೋಶಗಳು ಉದ್ದುದ್ದನೆಯವು, ಒಂದಕ್ಕೊಂದು ಒತ್ತಿಕೊಂಡವು. ನಡುವಿನ ಜಾಗವನ್ನೆಲ್ಲ ರಸದಾನಿ ಆಕ್ರಮಿಸಿರುವುದರಿಂದ ಕೋಶಕೇಂದ್ರ ಗೋಡೆಯ ಪಕ್ಕಕ್ಕೆ ಸರಿದಿರುತ್ತದೆ. ಹೀಗಾಗಿ ಪ್ರತಿ ಕೋಶದ ನಟ್ಟನಡುವೆ ಚುಕ್ಕಿಯಿಟ್ಟ ಚಿತ್ರ ಕಂಡರೆ ಅದು ಸೂಕ್ಷ್ಮದರ್ಶಕ ನೋಡಿ ಬರೆದದ್ದೋ ಸೀನಿಯರ್‌ನ ರೆಕಾರ್ಡಿನಿಂದ ಇಳಿಸಿದ್ದೋ ಎಂದು ಉಪನ್ಯಾಸಕರಿಗೆ ಅನುಮಾನ ಬರುವುದು ಸಹಜ. ವಿಷಯದ 100 ಅಂಕಗಳಲ್ಲಿ ಪ್ರಾಯೋಗಿಕಕ್ಕೆ 30. ಕೋಚಿಂಗ್‌ನ ಅವಸರದಲ್ಲಿ ಅದನ್ನು ಕೊನೆಯ ಕೆಲವು ದಿನಗಳಿಗೆ ತಳ್ಳುವ ಕಾಲೇಜುಗಳಲ್ಲಿ ಅಂಕಗಳೇನೋ ಬರುತ್ತವೆ; ಕಣ್ಣು ಪಳಗುವುದಿಲ್ಲ.

ವರ್ಗೀಕರಣ, ಸಸ್ಯ ಮತ್ತು ಪ್ರಾಣಿಗಳ ರಚನೆ ಮುಗಿದ ಮೇಲೆ ಜೀವಕೋಶದ ಘಟಕ. ಅದರ ಮೊದಲ ಪುಟಗಳಲ್ಲಿ ಜಿ.ಎನ್. ರಾಮಚಂದ್ರನ್ ಇದ್ದಾರೆ. ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಪ್ರೋಟೀನು ಮೂರು ಎಳೆಗಳ ಹುರಿ ಎಂದು 1954ರಲ್ಲಿ ಮದ್ರಾಸಿನಿಂದ ತೋರಿಸಿಕೊಟ್ಟವರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತಶಾಸ್ತ್ರದ ವಿಭಾಗವನ್ನೇ ಕಟ್ಟಿದವರು. ಪರೀಕ್ಷೆಗೆ ಬರುವುದಿಲ್ಲವೆಂದು ಆ ಪುಟವನ್ನು ಹಾರಿಸುವುದೇ ರೂಢಿ. ಇಲ್ಲಿಂದ ಮುಂದೆ ರಸಾಯನಶಾಸ್ತ್ರ ಗೊತ್ತಿಲ್ಲದೆ ಜೀವಶಾಸ್ತ್ರ ಮುಂದಕ್ಕೆ ಸಾಗದು. ಗ್ಲೂಕೋಸು ಹತ್ತು ಹಂತಗಳಲ್ಲಿ ಒಡೆಯುವುದನ್ನು ಬಾಯಿಪಾಠ ಮಾಡಬಹುದು. ಯಾವ ಹಂತದಲ್ಲಿ ಕೋಶದ ಇಂಧನವಾದ ಎಟಿಪಿ ಖರ್ಚಾಗಿ ಯಾವುದರಲ್ಲಿ ಹುಟ್ಟುತ್ತದೆ ಎಂಬುದು ತಿಳಿದಿದ್ದರೆ ಬಾಯಿಪಾಠದ ಭಾರ ಅರ್ಧ ಇಳಿಯುತ್ತದೆ.

ವರ್ಷದ ಕೊನೆಯ ಭಾಗ ಮನುಷ್ಯನ ದೇಹಕ್ರಿಯೆಗೆ ಮೀಸಲು. ಹಿಂದಿನ ತರಗತಿಗೂ ಇದಕ್ಕೂ ಇರುವ ಅಂತರ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಮೂತ್ರಪಿಂಡಗಳು ರಕ್ತವನ್ನು ಸೋಸುತ್ತವೆ ಎಂದರೆ ಹತ್ತನೆಯ ತರಗತಿಗೆ ಸಾಕಿತ್ತು. ಪಿಯುಸಿ ಎಷ್ಟು ಎಂದು ಕೇಳುತ್ತದೆ: ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ಅಂದರೆ ದಿನಕ್ಕೆ 180 ಲೀಟರ್. ಒಟ್ಟು ಐದು ಲೀಟರಿನ ಆಸುಪಾಸು ರಕ್ತವಿರುವ ಮೈಯಲ್ಲಿ 180 ಲೀಟರ್ ಎಲ್ಲಿಂದ ಬಂತು, ದಿನಕ್ಕೆ ಒಂದೂವರೆ ಲೀಟರಿನಷ್ಟೇ ಮೂತ್ರವಾಗುವುದಾದರೆ ಮಿಕ್ಕದ್ದು ಎಲ್ಲಿಗೆ ಹೋಯಿತು? ಸೋಸಿದ್ದರಲ್ಲಿ ನೂರಕ್ಕೆ 99 ಪಾಲು ನಾಳಗಳ ಗೋಡೆ ದಾಟಿ ರಕ್ತಕ್ಕೇ ಮರಳುತ್ತದೆ, ಮತ್ತೆ ಸೋಸಲ್ಪಡುತ್ತದೆ. ಅದೇ ದ್ರವ ದಿನವಿಡೀ ಸುತ್ತು ಹಾಕುತ್ತಿರುತ್ತದೆ. ಮಧುಮೇಹಿಯ ಮೂತ್ರದಲ್ಲಿ ಸಕ್ಕರೆ ಏಕೆ ಕಾಣುತ್ತದೆ ಎಂಬುದಕ್ಕೂ ಉತ್ತರ ಇದೇ ಸುತ್ತಿನಲ್ಲಿದೆ: ಮರಳಿ ಹೀರುವ ಶಕ್ತಿಗೆ ಒಂದು ಮಿತಿಯಿದೆ, ರಕ್ತದ ಸಕ್ಕರೆ ಅದನ್ನು ಮೀರಿದಾಗ ಹೆಚ್ಚಿನದು ಹೊರಗೆ ಹರಿಯುತ್ತದೆ. ನರ ಮತ್ತು ಹಾರ್ಮೋನುಗಳ ಪಾಠಗಳೊಂದಿಗೆ ಪುಸ್ತಕ ಮುಗಿಯುತ್ತದೆ. ಮೆಂಡೆಲನ ಬಟಾಣಿ, ಡಿಎನ್‌ಎ, ವಿಕಾಸ, ಪರಿಸರ ಇವೆಲ್ಲ ದ್ವಿತೀಯ ಪಿಯುಸಿಯ ಪಾಲು.