ರಬ್ಬರ್ ಚಾಕು, ಬಿಳಿ ಬನಿಯನ್

ಬಹಳ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಮೊನ್ನೆ ಭಾನುವಾರ ನಡೆದದ್ದನ್ನ ಬರೀದಿದ್ರೆ ನಿದ್ದೆ ಬರಲ್ಲ ಅನ್ನಿಸ್ತು.

ಕಾಲೇಜು ದಿನಗಳಲ್ಲಿ ಕಲಿತ ಕರಾಟೆಯನ್ನ ವಾರಕ್ಕೊಮ್ಮೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ನಾಲ್ಕಾರು ಜನಕ್ಕೆ ಹೇಳಿಕೊಡ್ತೀನಿ. ಚಾಕು ಹಿಡಿದು ಬಂದವನನ್ನ ಎದುರಿಸೋ ಪಾಠ ಅಂದ್ರೆ ಎಲ್ಲರಿಗೂ ಖುಷಿ. ಒಬ್ಬ ರಬ್ಬರ್ ಚಾಕು ಹಿಡಿದು, ಜೋರಾಗಿ ಕೂಗಿ, ಒಂದು ಹೆಜ್ಜೆ ಮುಂದಿಟ್ಟು ತಿವಿಯುತ್ತಾನೆ. ತಿವಿದ ಕೈ ಫೋಟೋಗೆ ಪೋಸು ಕೊಟ್ಟ ಹಾಗೆ ಗಾಳಿಯಲ್ಲೇ ನಿಲ್ಲುತ್ತೆ. ನಾನು ಪಕ್ಕಕ್ಕೆ ಸರಿದು, ಮಣಿಕಟ್ಟು ಹಿಡಿದು ತಿರುಚಿ ಕೆಡವ್ತೀನಿ. ಚಪ್ಪಾಳೆ!

ನಮ್ಮ ಗುಂಪಿನಲ್ಲಿ ಒಬ್ಬ ನರ್ಸ್ ಹುಡುಗಿ ಇದ್ದಾಳೆ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಬರೋಳು. ಕಲಿಯೋಕೆ ಬಂದಿದ್ದೇ ಆ ಭಯಕ್ಕೆ. ಅವತ್ತು ಕೇಳಿದಳು, "ಸಾರ್, ನಮ್ಮಲ್ಲಿಗೆ ಚಾಕು ಇರಿತ ಅಂತ ಬರೋರ ಅಂಗೈ, ಮುಂಗೈ ಎಲ್ಲಾ ಸೀಳಿರುತ್ತೆ. ಅವರೂ ಕೈ ಅಡ್ಡ ಹಿಡಿದೇ ಇರ್ತಾರಲ್ವಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಬ್ಯಾಗಿನಿಂದ ಕೆಂಪು ಮಾರ್ಕರ್ ಪೆನ್ ತೆಗೆದು ಅವಳ ಕೈಗೆ ಕೊಟ್ಟೆ. ನಾನು ಬಿಳಿ ಬನಿಯನ್‌ನಲ್ಲಿ ನಿಂತೆ. "ನಿನಗೆ ತೋಚಿದ ಹಾಗೆ ಬಾ, ಕೈ ನಿಲ್ಲಿಸಬೇಡ" ಅಂದೆ.

ಎಡಗೈಯಲ್ಲಿ ನನ್ನ ಭುಜ ಹಿಡಿದು ಎಳೆದಳು. ಬಲಗೈ ಹೊಲಿಗೆ ಮಷೀನಿನ ಸೂಜಿ ಥರ ಹೋಗಿ ಬಂದು, ಹೋಗಿ ಬಂದು... ಮಣಿಕಟ್ಟು ಹಿಡಿಯೋಣ ಅಂದ್ರೆ ಅದು ಒಂದು ಕಡೆ ಇದ್ರೆ ತಾನೆ! ಐದಾರು ಸೆಕೆಂಡು ಅಷ್ಟೇ. ಬನಿಯನ್ ಮೇಲೆ ಒಂಬತ್ತು ಗೆರೆ, ಕುತ್ತಿಗೆ ಮೇಲೆ ಒಂದು, ಕೈ ಮೇಲಿನವನ್ನ ಎಣಿಸಲಿಲ್ಲ. ಅವಳು ಒಂದು ತಿಂಗಳು ಕಲಿತವಳು, ನಾನು ಬ್ಲ್ಯಾಕ್ ಬೆಲ್ಟ್. ಯಾರೂ ನಗಲಿಲ್ಲ.

ಇದು ಹೊಸ ವಿಷಯವೇನಲ್ಲ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನ್ನಿಸ್ ಟುಲ್ಲರ್ 1983ರಲ್ಲೇ ಒಂದು ಲೇಖನ ಬರೆದಿದ್ದರು. ಚಾಕು ಹಿಡಿದವನು 21 ಅಡಿ ದೂರವನ್ನ ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಗಿಸ್ತಾನೆ, ಸೊಂಟದ ಪಿಸ್ತೂಲು ತೆಗೆದು ಗುಂಡು ಹಾರಿಸೋಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು ಅಂತ. ಪಿಸ್ತೂಲಿನವನ ಕಥೆಯೇ ಹೀಗಾದ್ರೆ ಬರಿಗೈಯವನದ್ದು? ಅದೂ ಚಾಕು ಕಣ್ಣಿಗೆ ಬಿದ್ದರೆ! ಗುದ್ದಿದ ಅಂದುಕೊಂಡು, ಆಮೇಲೆ ರಕ್ತ ನೋಡಿ ಗೊತ್ತಾದವರೂ ಇದ್ದಾರೆ.

ಹಾಗಾದ್ರೆ ಕಲಿತದ್ದೆಲ್ಲ ದಂಡವಾ? ಹಾಗನ್ನಲಾರೆ. ಮೈಮೇಲೆ ಯಾರಾದ್ರೂ ನುಗ್ಗಿದಾಗ ಮರಗಟ್ಟಿ ನಿಲ್ಲದಿರೋದು, ಕಾಲು ಆಡಿಸೋದು, ಬೇರೆ ದಾರಿಯೇ ಇಲ್ಲದಾಗ ಚಾಕುವಿನ ಕೈಯನ್ನ ಎರಡೂ ಕೈಯಲ್ಲಿ ಅವುಚಿ ಹಿಡಿಯೋದು... ಇವೆಲ್ಲ ಅಭ್ಯಾಸದಿಂದಲೇ ಬರಬೇಕು. ಆದರೆ ಎದುರಿನವನು ನಿಜಕ್ಕೂ ತಪ್ಪಿಸಿಕೊಳ್ಳೋ, ಎಳೆಯೋ, ಮತ್ತೆ ಮತ್ತೆ ತಿವಿಯೋ ಅಭ್ಯಾಸ ಆಗಿರಬೇಕು. ಅದು ಕೊಡೋದೂ ಗೆಲುವಲ್ಲ, ಓಡೋಕೆ ಒಂದು ಸಣ್ಣ ಸಂದು.

ಈ ಭಾನುವಾರ ಪಾಠ ಬದಲಾಯ್ತು. ಪರ್ಸು, ಮೊಬೈಲು ಕೇಳಿದ್ರೆ ದೂರ ಎಸೆದು ಉಲ್ಟಾ ದಿಕ್ಕಿಗೆ ಓಡು. ಓಡೋಕಾಗದಿದ್ರೆ ನಡುವೆ ಸ್ಕೂಟರೋ ಕುರ್ಚಿಯೋ ಇರಲಿ. ಗಾಯ ಆದ್ರೆ ಬಟ್ಟೆ ಒತ್ತಿ ಹಿಡಿ, ನೆಟ್ಟ ಚಾಕು ಕೀಳಬೇಡ, 108ಕ್ಕೆ ಫೋನ್ ಮಾಡು. ಕೊನೆಯದನ್ನ ಹೇಳಿಕೊಟ್ಟವಳು ಅವಳೇ. ಇಬ್ಬರು ಹುಡುಗರು, "ಓಡೋದು ಕಲಿಯೋಕೆ ಕ್ಲಾಸ್ ಯಾಕೆ ಸಾರ್?" ಅಂತ ಮುಖ ಸಿಂಡರಿಸಿದರು. ಮುಂದಿನ ವಾರ ಬರ್ತಾರೋ ಇಲ್ವೋ.

ನನ್ನನ್ನ ಕಾಡ್ತಿರೋದು ಬೇರೆ. ಇಷ್ಟು ವರ್ಷದಲ್ಲಿ ಎಷ್ಟು ಜನ ನನ್ನ ಆ ಮಣಿಕಟ್ಟು ತಿರುಚೋ ಪಟ್ಟನ್ನ ನಂಬಿಕೊಂಡು ಹೋಗಿದ್ದಾರೋ... ಯಾರಿಗೂ ಅದು ಬೇಕಾಗದಿರಲಿ.

ಆ ಬನಿಯನ್ ಒಗೆದಿಲ್ಲ. ಕ್ಲಾಸಿನ ಬ್ಯಾಗಿನಲ್ಲೇ ಇಟ್ಟಿದ್ದೀನಿ. ನಿಮ್ಮಲ್ಲಿ ಕರಾಟೆ, ಕಳರಿ ಕಲಿತವರಿದ್ದರೆ ಒಮ್ಮೆ ಮಾರ್ಕರ್ ಪೆನ್ ಹಿಡಿದು ನೋಡಿ. ಏನಾಯ್ತು ಅಂತ ನನಗೂ ಹೇಳಿ.